ಒಂದೇ ಹಿಡಿ, ಎರಡು ಉಪಕರಣ

ಪೆನ್ಸಿಲ್ಲಿನ ತುದಿಗೆ ರಬ್ಬರ್ ಸೇರಿಸಿದ್ದಕ್ಕೆ ಹೈಮನ್ ಲಿಪ್‌ಮನ್ 1858ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅದನ್ನು ಕೊಂಡುಕೊಂಡ ಜೋಸೆಫ್ ರೆಕೆನ್‌ಡಾರ್ಫರ್ ಪೆನ್ಸಿಲ್ ತಯಾರಕ ಫೇಬರ್ ಮೇಲೆ ದಾವೆ ಹೂಡಿದರು. 1875ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪೇಟೆಂಟನ್ನೇ ಅಸಿಂಧುಗೊಳಿಸಿತು. ಬರೆಯುವಾಗ ರಬ್ಬರಿಗೆ ಕೆಲಸವಿಲ್ಲ, ಅಳಿಸುವಾಗ ಸೀಸಕ್ಕೆ ಕೆಲಸವಿಲ್ಲ. ಒಂದು ಕಡ್ಡಿ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದಕ್ಕಿಂತ ಅದನ್ನೇ ತಿರುಗಿಸುವುದು ಸಲೀಸು, ನಿಜ. ಆದರೆ ಅಷ್ಟಕ್ಕೇ ಅದು ಆವಿಷ್ಕಾರವಾಗದು ಎಂಬುದು ಕೋರ್ಟಿನ ತರ್ಕ.

ಬ್ರಿಟನ್ನಿನಲ್ಲೂ ಇದೇ ಧಾಟಿ. ಮಾಂಸ ಕೊಚ್ಚುವ ಯಂತ್ರಕ್ಕೆ ಸಾಸೇಜ್ ತುಂಬುವ ಯಂತ್ರವನ್ನು ಜೋಡಿಸಿದವರ ಪೇಟೆಂಟ್ 1890ರಲ್ಲಿ ಬಿದ್ದುಹೋಯಿತು. ಕೈ ಉಪಕರಣಗಳ ಮಟ್ಟಿಗೆ ಈ ಅಳತೆ ತೀರಾ ನಿಷ್ಠುರವೆಂದೇ ನನ್ನ ಅನಿಸಿಕೆ. ಸುತ್ತಿಗೆಯ ಹಿಡಿಯೊಳಗೆ ಸ್ಕ್ರೂಡ್ರೈವರ್ ಅಡಗಿಸಿದರೆ ಅವೆರಡೂ ದುಡಿಯುವುದು ಸರದಿಯ ಮೇಲೆ. ಒಟ್ಟಿಗೇ ದುಡಿಯಬೇಕೆಂದು ಹಟ ಹಿಡಿದರೆ ಬಡಗಿಯ ಚೀಲದ ಭಾರ ಇಳಿಸಿದ ಜಾಣ್ಮೆಗೆ ಬೆಲೆಯೇ ಇಲ್ಲ.

ಇನ್ನೊಂದು ಅಳತೆಯೂ ಹಳೆಯದೇ. ಮಣ್ಣಿನ ಬಾಗಿಲ ಗುಬುಟಿನ ಮೊಕದ್ದಮೆಯಲ್ಲಿ, 1851ರಲ್ಲಿ, ಸಾಧಾರಣ ಮೆಕ್ಯಾನಿಕ್‌ನ ಕೈಚಳಕಕ್ಕಿಂತ ಹೆಚ್ಚಿನದೇನಾದರೂ ಇದೆಯೇ ಎಂದು ಅಮೆರಿಕದ ಸುಪ್ರೀಂ ಕೋರ್ಟು ಕೇಳಿತ್ತು. ಅದರ ಸಾರ 1952ರ ಪೇಟೆಂಟ್ ಕಾಯ್ದೆಗೆ ಸೇರಿತು. 1966ರಲ್ಲಿ ನೇಗಿಲಿನ ಬಿಡಿಭಾಗದ ಮೇಲೆ ನಡೆದ ಗ್ರಹಾಂ ಪ್ರಕರಣ ವಿಚಾರಣೆಗೊಂದು ಕ್ರಮ ಹಾಕಿಕೊಟ್ಟಿತು: ಮೊದಲೇನಿತ್ತು, ಈಗೇನು ಬೇರೆ, ಆ ಕಸುಬಿನವರ ಕುಶಲತೆ ಎಷ್ಟು. ಜೊತೆಗೆ ಮಾರುಕಟ್ಟೆಯ ಯಶಸ್ಸು, ಬಹುಕಾಲದ ಕೊರತೆ, ಇತರರ ಸೋಲು ಕೂಡ ಸಾಕ್ಷ್ಯವಾಗಬಹುದೆಂದಿತು. ಉತ್ತರ ಗೊತ್ತಾದ ಮೇಲೆ ಯಾವ ಲೆಕ್ಕವೂ ಸುಲಭವೇ. ಈ ಸಾಕ್ಷ್ಯಗಳ ಉಪಯೋಗ ಇರುವುದು ಅಲ್ಲಿ. ನೇಗಿಲಿನ ಪೇಟೆಂಟ್ ಮಾತ್ರ ಉಳಿಯಲಿಲ್ಲ.

ಮುಂದೆ ಕೆಳಗಿನ ಕೋರ್ಟುಗಳು, ಜೋಡಣೆ ತೀರಾ ಸಹಜವೆಂದು ಪೇಟೆಂಟನ್ನು ತಳ್ಳಿಹಾಕಬೇಕಾದರೆ ಜೋಡಿಸು ಎಂಬ ಸುಳಿವು ಹಳೆಯ ದಾಖಲೆಯಲ್ಲಿರಬೇಕೆಂದು ಬಿಗಿಯಾಗಿ ಕೇಳತೊಡಗಿದವು. 2007ರಲ್ಲಿ ಕಾರಿನ ಪೆಡಲ್ಲಿಗೆ ಸೆನ್ಸರ್ ಕೂಡಿಸಿದ ಕೆಎಸ್‌ಆರ್ ಪ್ರಕರಣ ಆ ಬಿಗಿಯನ್ನು ಸಡಿಲಿಸಿತು. ಸಾಧಾರಣ ಕುಶಲಕರ್ಮಿಗೂ ಸ್ವಂತ ಬುದ್ಧಿಯಿರುತ್ತದೆ ಎಂಬ ನಿಲುವದು. ಜೋಡಣೆಯ ಪೇಟೆಂಟಿಗೆ ದಾರಿ ಮತ್ತೆ ಕಿರಿದಾಯಿತು.

ನಮ್ಮ ದೇಶದಲ್ಲಿ 1970ರ ಕಾಯ್ದೆಯ 3(ಎಫ್) ಕಲಮು ಪೆನ್ಸಿಲ್ ಪ್ರಕರಣದ ಹಳೆಯ ತರ್ಕಕ್ಕೆ ಹತ್ತಿರ: ತಮ್ಮಷ್ಟಕ್ಕೆ ತಾವು, ತಿಳಿದಿರುವ ರೀತಿಯಲ್ಲೇ ಕೆಲಸ ಮಾಡುವ ಸಾಧನಗಳ ಬರಿಯ ಜೋಡಣೆ ಆವಿಷ್ಕಾರವಲ್ಲ. ಮಿರ್ಜಾಪುರದ ಪಾತ್ರೆ ತಯಾರಕರ ಲೇತ್ ಸಾಧನದ ಪೇಟೆಂಟನ್ನು ಸುಪ್ರೀಂ ಕೋರ್ಟು 1978ರಲ್ಲಿ ತಳ್ಳಿಹಾಕಿದ್ದೂ ಅದು ವರ್ಕ್‌ಶಾಪಿನ ಸುಧಾರಣೆಯಷ್ಟೇ ಎಂಬ ಕಾರಣಕ್ಕೆ.

ಹಾಗಿದ್ದೂ ಟಿಮ್ ಲೆದರ್‌ಮನ್‌ಗೆ 1980ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಇಕ್ಕಳ, ಚಾಕು, ಸ್ಕ್ರೂಡ್ರೈವರ್ ಯಾವುದೂ ಹೊಸತಲ್ಲ. ಆದರೆ ಅವರ ಉಪಕರಣದಲ್ಲಿ ಹಿಡಿಗಳನ್ನು ಮಡಚಿದರೆ ಇಕ್ಕಳದ ಬಾಯಿ ಒಳಗಡಗುತ್ತದೆ, ಬಿಚ್ಚಿದರೆ ಅವೇ ಇಕ್ಕಳದ ಕಾಲುಗಳು, ಉಳಿದ ಅಲಗುಗಳ ಗೂಡೂ ಅವೇ. ಇಲ್ಲಿ ಒಂದು ಭಾಗ ಇನ್ನೊಂದರ ಹಂಗಿನಲ್ಲಿದೆ. ಲಿಪ್‌ಮನ್ನರ ರಬ್ಬರಿಗೆ ಆ ಹಂಗಿರಲಿಲ್ಲ.