ಎಂಟಾಣೆ ಪುಸ್ತಕದ ಲೆಕ್ಕ



ಪೋಸ್ಟ್ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ, ಆಮೇಲೆ ಕಮೆಂಟ್ ಹಾಕ್ರಿ.

ರಾಯಬಾಗ ತಾಲೂಕಿನ ನಮ್ಮ ಗೆಳೆಯರೊಬ್ಬರು ಒಂದು ಪುಸ್ತಕ ಬರೆದಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕಿನ ಕೇರಿಗಳಲ್ಲಿ ಬಾಬಾಸಾಹೇಬರ ಚಳವಳಿ ಹೇಗೆ ಬಂತು, ಯಾರು ಹೊತ್ತು ತಂದರು ಅನ್ನೋದು ಅದರ ವಿಷಯ. ಪ್ರಕಾಶಕರು ಯಾರೂ ಸಿಗಲಿಲ್ಲ. ಕೈಯಿಂದ ರೊಕ್ಕ ಹಾಕಿ 500 ಪ್ರತಿ ಅಚ್ಚು ಹಾಕಿಸಿದ್ದಾರೆ. ಈಗ ಫೇಸ್‌ಬುಕ್ಕಿನಾಗ, ವಾಟ್ಸಾಪ್ ಗುಂಪಿನಾಗ ಮುಖಪುಟ ಹಾಕಿ, ಬೆಲೆ 150 ಅಂತ ಬರೆದು ಮಾರ್ತಿದ್ದಾರೆ.

ಅದಕ್ಕೆ ನಮ್ಮವರಿಂದಲೇ ಬಂದ ಮಾತು ಮೂರು. ಒಂದು, "ದಿನಾ ಜಾಹೀರಾತು ಹಾಕ್ತೀರಲ್ಲ, ಪ್ರಚಾರದ ಹುಚ್ಚು." ಎರಡು, "ಸಮಾಜದ ಹೆಸರಿನಾಗ ವ್ಯಾಪಾರ. 50 ರೂಪಾಯಿಗೆ ಕೊಡಬಹುದಿತ್ತಲ್ಲ?" ಮೂರು, "ಅಣ್ಣಾ, ಪಿಡಿಎಫ್ ಹಾಕ್ರಿ."

ಹೊರಗಿನವರು ಅಂದಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ನಮ್ಮ ಮಂದಿನೇ ಅಂದಾರ, ಹಂಗಾಗಿ ನಮ್ಮ ಚರಿತ್ರೆ ತೆಗೆದು ಮುಂದಿಡಬೇಕಾತು. ಈ ಮೂರೂ ಮಾತು ಹೊಸವಲ್ಲ. ಬಾಬಾಸಾಹೇಬರ ಜೀವನದಾಗ ಈ ಮೂರೂ ನಡೆದುಹೋಗಿವೆ.

ಮೊದಲು ಜಾಹೀರಾತಿನ ಮಾತು.

1920ರ ಜನವರಿ 31ರಂದು ಮುಂಬೈಯಲ್ಲಿ 'ಮೂಕನಾಯಕ' ಪಾಕ್ಷಿಕ ಶುರುವಾಯಿತು. ಅದಕ್ಕೆ 2,500 ರೂಪಾಯಿ ಕೊಟ್ಟವರು ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು. ಇಂದಿನ ನಮ್ಮ ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನದ ಭಾಗ. ಅಂದರೆ ಆ ಪತ್ರಿಕೆಗೆ ಬಂಡವಾಳ ಕೊಟ್ಟ ರಾಜನ ಪ್ರಜೆಗಳು ನಮ್ಮ ಅಜ್ಜಂದಿರು. ಅದೇ ವರ್ಷದ ಮಾರ್ಚ್‌ನಲ್ಲಿ ಕಾಗಲ ಜಹಗೀರಿನ ಮಾಣಗಾವಿಯಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು, ಬಾಬಾಸಾಹೇಬರದೇ ಅಧ್ಯಕ್ಷತೆ. ಅಲ್ಲಿಗೆ ಶಾಹೂ ಮಹಾರಾಜರೇ ಬಂದು, ಇವರೇ ನಿಮ್ಮ ನಾಯಕ ಅಂತ ಜನರ ಮುಂದೆ ಹೇಳಿದರು. ನಿಪ್ಪಾಣಿ ದಾಟಿ ಕೊಗನೊಳ್ಳಿ ಗಡಿ ಬಿಟ್ಟರೆ ಸಿಗೋದೇ ಕಾಗಲ. ಇದೆಲ್ಲ ನಡೆದದ್ದು ನಮ್ಮ ಬಾಗಿಲ ಮುಂದೆ.

ಆಗ ಮರಾಠಿಯ ದೊಡ್ಡ ಪತ್ರಿಕೆ 'ಕೇಸರಿ'. ತಿಲಕರು ಇನ್ನೂ ಬದುಕಿದ್ದರು. ಇಂಥದೊಂದು ಪತ್ರಿಕೆ ಹೊರಡುತ್ತಿದೆ ಅನ್ನೋ ಜಾಹೀರಾತನ್ನ ಹಣ ಕೊಡ್ತೀವಿ ಅಂದರೂ 'ಕೇಸರಿ' ಹಾಕಲಿಲ್ಲ. ಪುಕ್ಕಟೆ ಹೊಗಳಿ ಅಂತ ಯಾರೂ ಕೇಳಿರಲಿಲ್ಲ. ರೊಕ್ಕ ತಗೊಂಡು ನಾಕು ಸಾಲು ಅಚ್ಚು ಮಾಡ್ರಿ ಅಂದಿದ್ದರು, ಅಷ್ಟೆ. ಅದಕ್ಕೂ ಜಾಗ ಸಿಗಲಿಲ್ಲ.

ಇದನ್ನ ಎರಡು ಸಲ ಓದ್ರಿ. ಮೇಲ್ಜಾತಿಯ ಲೇಖಕನಿಗೆ ಪ್ರಚಾರ ಮಾಡೋದಕ್ಕ ಪತ್ರಿಕೆ ಐತಿ, ವಿಮರ್ಶಕ ಅದಾನ, ಕಾಲೇಜು ಐತಿ, ಮಠ ಐತಿ. ಅವರ ಪುಸ್ತಕದ ಬಗ್ಗೆ ಬೇರೆಯವರು ಮಾತಾಡ್ತಾರ, ಹಂಗಾಗಿ ಅವರು ವಿನಯದಿಂದ ಸುಮ್ಮನೆ ಕೂತರೂ ನಡೀತದ. ನಮ್ಮ ಪುಸ್ತಕದ ಬಗ್ಗೆ ನಾವು ಮಾತಾಡದಿದ್ದರ ಆ ಪುಸ್ತಕ ಇದೆ ಅನ್ನೋದೇ ಯಾರಿಗೂ ಗೊತ್ತಾಗೂದಿಲ್ಲ. ನಮಗೆ ಜಾಹೀರಾತು ಅಂದರ ಪುಸ್ತಕ ಹುಟ್ಟಿದ ಸುದ್ದಿ ತಲುಪಿಸೋ ಒಂದೇ ದಾರಿ.

'ಮೂಕನಾಯಕ' 1923ರಲ್ಲಿ ನಿಂತಿತು. 'ಬಹಿಷ್ಕೃತ ಭಾರತ' ಶುರುವಾಗಿದ್ದು 1927ರ ಏಪ್ರಿಲ್ 3ಕ್ಕೆ. ನಡುವಿನ ನಾಲ್ಕು ವರ್ಷ ಬಾಬಾಸಾಹೇಬರ ಕೈಯಲ್ಲಿ ಪತ್ರಿಕೆ ಇರಲಿಲ್ಲ. ಆ ಅವಧಿಯಲ್ಲೇ, 1925ರ ಏಪ್ರಿಲ್‌ನಲ್ಲಿ, ಅವರು ನಮ್ಮ ನಿಪ್ಪಾಣಿಗೆ ಬಂದು ಮುಂಬೈ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ದೂರದ ವೈಕಂ ಸತ್ಯಾಗ್ರಹದ ವಿಚಾರ ನಿಪ್ಪಾಣಿಯ ವೇದಿಕೆ ಮೇಲೆ ಬಂತು. ಕೇರಳದ ಒಂದು ರಸ್ತೆಯ ಹೋರಾಟ ತಂಬಾಕಿನ ಊರಿನ ನಮ್ಮ ಮಂದಿಯ ಕಿವಿಗೆ ಬಿದ್ದದ್ದು ಹಿಂಗ. ಪತ್ರಿಕೆ ಇಲ್ಲದಾಗ ಸಭೆಯೇ ಪತ್ರಿಕೆ. ಈಗ ಸಭೆ ಕೂಡೋದು ವಾಟ್ಸಾಪಿನಾಗ. ಅಲ್ಲಿ ನಮ್ಮ ಪುಸ್ತಕದ ಹೆಸರು ಎತ್ತಿದರ ಅದು ಹುಚ್ಚು ಹೆಂಗ ಆಗ್ತದ?

ಎರಡನೇದು ಬೆಲೆಯ ಮಾತು.

1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ತನ್ನ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೆ ಬಾಬಾಸಾಹೇಬರನ್ನು ಕರೆಯಿತು. ಭಾಷಣ ಓದಿ ನೋಡಿದ ಮೇಲೆ ಅವರಿಗೆ ನಡುಕ ಬಂತು. ಕೆಲವು ಭಾಗ ತೆಗೀರಿ ಅಂದರು. ಒಂದು ಚುಕ್ಕೆಯನ್ನೂ ತೆಗೆಯೋದಿಲ್ಲ ಅನ್ನೋ ಧಾಟಿಯ ಉತ್ತರ ಹೋಯಿತು. ಸಮ್ಮೇಳನವೇ ರದ್ದಾಯಿತು. ಆಗ ಬಾಬಾಸಾಹೇಬರು ಏನು ಮಾಡಿದರು? ಆಡದೇ ಉಳಿದ ಆ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿ ಮಾರಿದರು. ಮಂಡಲದ ಜೊತೆ ನಡೆದ ಪತ್ರ ವ್ಯವಹಾರವನ್ನೂ ಮುಂದೆ ಸೇರಿಸಿದರು, ಓದುಗರೇ ನ್ಯಾಯ ಹೇಳಲಿ ಅಂತ. ಅದೇ 'ಜಾತಿ ವಿನಾಶ'. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅದು ಸೆಲ್ಫ್ ಪಬ್ಲಿಷ್ಡ್ ಪುಸ್ತಕ.

ಬೆಲೆ 8 ಆಣೆ. ಮೊದಲ ಮುದ್ರಣ 1,500 ಪ್ರತಿ. ಎರಡೇ ತಿಂಗಳಲ್ಲಿ ಖಾಲಿ.

ಆ ವರ್ಷದ ಜುಲೈನಲ್ಲಿ ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಆ ಪುಸ್ತಕದ ಬಗ್ಗೆ ಬರೆದರು. ಸುಧಾರಕರು ಇದನ್ನ ಕಡೆಗಣಿಸೋ ಹಂಗಿಲ್ಲ ಅಂತ ಒಪ್ಪಿದರು. ಅದರ ಜೊತೆಗೇ ಇನ್ನೊಂದು ಸಲಹೆ ಕೊಟ್ಟರು: 8 ಆಣೆ ಜಾಸ್ತಿ ಆಯಿತು, 2 ಆಣೆ ಮಾಡಲಿ, ಕಡೇಪಕ್ಷ 4 ಆಣೆ. ಲೇಖಕರು ಪ್ರಚಾರಕ್ಕಾಗಿ ಅಚ್ಚು ಹಾಕಿಸಿದ್ದಾರೆ ಅನ್ನೋ ಅರ್ಥ ಬರೋ ಮಾತೂ ಆ ಬರಹದಲ್ಲಿತ್ತು. ನೋಡ್ರಿ, ನಮ್ಮ ರಾಯಬಾಗದ ಗೆಳೆಯರಿಗೆ ಬಂದ ಕಮೆಂಟು ಸುಮಾರು 90 ವರ್ಷ ಹಳೇದು!

ಈಗ ಲೆಕ್ಕ ಹಾಕೋಣ. 1,500 ಪ್ರತಿ, ತಲಾ 8 ಆಣೆ. ಒಂದೂ ಪುಕ್ಕಟೆ ಕೊಡದೆ ಎಲ್ಲಾ ಮಾರಿದರೂ 750 ರೂಪಾಯಿ. 2 ಆಣೆಗೆ ಮಾರಿದ್ದರೆ? 187 ರೂಪಾಯಿ 8 ಆಣೆ. ಇದು ನನ್ನ ಲೆಕ್ಕ, ಬಾಬಾಸಾಹೇಬರು ಬರೆದದ್ದಲ್ಲ. ಆದರ ಕಾಗದ, ಮೊಳೆ ಜೋಡಣೆ, ಬೈಂಡಿಂಗ್, ಅಂಚೆ ಖರ್ಚು ಎಲ್ಲ ಕೈಯಿಂದ ಹಾಕಿದ ಮನುಷ್ಯನಿಗೆ ಈ ಎರಡು ಮೊತ್ತದ ನಡುವಿನ ಅಂತರ ಅಂದರೆ ಮುಂದಿನ ಮುದ್ರಣ. ದಾನಿಗಳು, ಆಶ್ರಮಗಳು ಬೆನ್ನಿಗಿದ್ದವರಿಗೆ 2 ಆಣೆ ಆಗ್ತದ. ನಮಗೆ ಪುಸ್ತಕದ ಬೆಲೆಯೇ ಬಂಡವಾಳ.

1937ರಲ್ಲಿ ಎರಡನೇ ಮುದ್ರಣ ಬಂತು. ಗಾಂಧೀಜಿಯ ಬರಹವನ್ನೂ ಅದರಾಗ ಸೇರಿಸಿ, ಉತ್ತರವನ್ನೂ ಕೊಟ್ಟರು. ಪ್ರಚಾರದ ಆಸೆ ತಮಗಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿದೆ, ಅಚ್ಚು ಹಾಕಿಸಿದ್ದು ಹಿಂದೂಗಳು ಕೂತು ಯೋಚನೆ ಮಾಡಲಿ ಅಂತ ಅನ್ನೋದು ಆ ಉತ್ತರದ ಸಾರ. ಟೀಕೆಯನ್ನೇ ಪುಸ್ತಕದೊಳಗೆ ಕೂರಿಸಿ ಮಾರಿದ ಧೈರ್ಯ ಅದು. ಅಷ್ಟರಲ್ಲಿ ಗುಜರಾತಿ, ತಮಿಳಿಗೆ ಅನುವಾದ ಆಗಿತ್ತು, ಇನ್ನೂ ನಾಲ್ಕು ಭಾಷೆಯಲ್ಲಿ ಕೆಲಸ ನಡೆದಿತ್ತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ ಅನ್ನೋದನ್ನ ನೆನಪಿಡ್ರಿ, ಮುಂದೆ ಬೇಕಾಗ್ತದ.

ಮೂರನೇದು ಕೊಳ್ಳಿ ಅಂತ ಕೇಳೋ ಮಾತು.

ಕೇಳೋದು ಸಣ್ಣತನ ಅಂತ ತಿಳಿದವರಿಗೆ 1956ರ ಸೆಪ್ಟೆಂಬರಿನ ಒಂದು ಪತ್ರದ ಕಥೆ ಹೇಳಬೇಕು. 'ಬುದ್ಧ ಮತ್ತು ಆತನ ಧಮ್ಮ' ಅಚ್ಚಿನ ಹಂತದಲ್ಲಿತ್ತು. ಸಂವಿಧಾನ ಬರೆದ, ದೇಶದ ಮೊದಲ ಕಾನೂನು ಮಂತ್ರಿಯಾಗಿದ್ದ ಮನುಷ್ಯ, ಮೈಯಲ್ಲಿ ಸಾಕಷ್ಟು ಕಾಯಿಲೆ ಇಟ್ಟುಕೊಂಡು, ಪ್ರಧಾನಿ ನೆಹರೂ ಅವರಿಗೆ ಬರೆದರು: ಮುದ್ರಣಕ್ಕೆ ಸುಮಾರು 20,000 ರೂಪಾಯಿ ಆಗುತ್ತದೆ, ನನ್ನ ಶಕ್ತಿ ಮೀರಿದ್ದು, ಸರ್ಕಾರ 500 ಪ್ರತಿ ಕೊಂಡು ಗ್ರಂಥಾಲಯಗಳಿಗೆ, ಬುದ್ಧ ಜಯಂತಿಗೆ ಬರುವ ವಿದ್ವಾಂಸರಿಗೆ ಹಂಚಬಹುದೇ ಅಂತ. ನೆಹರೂ ಉತ್ತರ ಮರುದಿನವೇ ಬಂತು. ಜಯಂತಿಗೆ ಇಟ್ಟಿದ್ದ ಹಣ ಮುಗಿದಿದೆ, ಪತ್ರವನ್ನು ರಾಧಾಕೃಷ್ಣನ್ ಅವರಿಗೆ ಕಳಿಸುತ್ತೇನೆ, ಜಯಂತಿ ಸಮಯದಲ್ಲಿ ಹೊರಗಿನ ಜನ ಬರುತ್ತಾರೆ, ಆಗ ಮಾರಾಟಕ್ಕಿಟ್ಟರೆ ಚೆನ್ನಾಗಿ ಹೋದೀತು.

ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ದೀಕ್ಷೆ. ಡಿಸೆಂಬರ್ 6ಕ್ಕೆ ಪರಿನಿರ್ವಾಣ. ಪುಸ್ತಕ ಹೊರಬಂದದ್ದು 1957ರಲ್ಲಿ. ಅಚ್ಚಾದ ಪ್ರತಿಯನ್ನ ಅವರು ಕಣ್ಣಿಂದ ನೋಡಲಿಲ್ಲ.

ಆ 500 ಪ್ರತಿ ಸರ್ಕಾರ ಕೊಳ್ಳಲಿಲ್ಲ. ಕೊಂಡವರು ಯಾರು? ನಾವು. ಪ್ರತಿ ವರ್ಷ ದೀಕ್ಷಾಭೂಮಿಯಲ್ಲಿ, ಚೈತ್ಯಭೂಮಿಯಲ್ಲಿ ಪುಸ್ತಕದ ಅಂಗಡಿ ಸಾಲು ಹಿಡಿದು ನಿಲ್ತಾವ. ಕೂಲಿ ಮಾಡೋ ಅವ್ವಂದಿರು ಸೆರಗಿನ ಗಂಟು ಬಿಚ್ಚಿ ಪುಸ್ತಕ ಕೊಳ್ತಾರ. ತನಗೆ ಓದಾಕ ಬರದಿದ್ದರೂ ಮಗಳು ಓದ್ತಾಳ ಅಂತ ಕೊಳ್ತಾರ. ನಮ್ಮ ಐದು ತಾಲೂಕಿನಿಂದ ಹೋದವರೂ ಚೀಲದಾಗ ಪುಸ್ತಕ ತುಂಬಿಕೊಂಡೇ ಬರ್ತಾರ. ಯಾರೂ ಅಲ್ಲಿ "ಪಿಡಿಎಫ್ ಐತೇನ್ರಿ" ಅಂತ ಕೇಳೂದಿಲ್ಲ.

ಆದರ ಆ ಚೀಲದಾಗಿನ ಪುಸ್ತಕ ಬಹುಪಾಲು ಮರಾಠಿ. ನಮ್ಮ ಹಿರಿಯರಿಗೆ ಅದು ತೊಡಕಾಗಲಿಲ್ಲ, ಈ ಗಡಿಯಾಗ ಎರಡೂ ಭಾಷೆ ನಾಲಿಗೆ ಮ್ಯಾಲೆ ಇದ್ದವು. ಈಗ ಕನ್ನಡ ಸಾಲಿಯಾಗ ಓದೋ ನಮ್ಮ ಮಕ್ಕಳು ಮರಾಠಿ ಮಾತಾಡಿದರೂ ಪುಸ್ತಕ ಓದೋದಿಲ್ಲ. ಮಾಣಗಾವಿ, ನಿಪ್ಪಾಣಿ ಇವರ ಊರ ಪಕ್ಕದ ಚರಿತ್ರೆ, ಆದರೆ ಇವರು ಓದೋ ಭಾಷೆಯಲ್ಲಿ ಸಿಗೋದು ಕಡಿಮೆ. ಬೆಂಗಳೂರಿಗೆ ನಾವು ದೂರ, ಪುಣೆಗೆ ನಾವು ಕನ್ನಡದವರು. ಹಿಂಗಿರುವಾಗ ಈ ಚರಿತ್ರೆ ಕನ್ನಡದಾಗ ಬರಿಯೋರು ನಮ್ಮವರೇ ಆಗಬೇಕು, ಅಚ್ಚು ಹಾಕೋರೂ ನಾವೇ, ಮಾರೋರೂ ನಾವೇ.

ದೇವನೂರ ಮಹಾದೇವ ಅವರ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' ಅಗ್ಗಕ್ಕೆ ಕೊಟ್ಟರಲ್ಲ ಅಂತ ಕೆಲವರು ಹೇಳಬಹುದು. ಹೌದು, 2022ರಲ್ಲಿ ಆ ಕಿರುಪುಸ್ತಕ 40 ರೂಪಾಯಿಗೆ ಬಂತು. ಒಬ್ಬ ಪ್ರಕಾಶಕರಿಗೆ ಕಟ್ಟಿಹಾಕದೆ ಹಲವು ಸಣ್ಣ ಪ್ರಕಾಶಕರಿಗೆ ಏಕಕಾಲಕ್ಕೆ ಅಚ್ಚು ಹಾಕಲು ಬಿಟ್ಟರು. ಜಾಲತಾಣದಲ್ಲಿ ಸುದ್ದಿ ಹಬ್ಬಿತು, ಊರೂರಲ್ಲಿ ಕಾರ್ಯಕರ್ತರು ಕಟ್ಟು ಕಟ್ಟು ತರಿಸಿ ಕೈಯಾರೆ ಮಾರಿದರು. ಅದರಿಂದ ಕಲಿಯೋದು ಐತಿ. ಆದರ ಎರಡು ಮಾತು ಮರೀಬ್ಯಾಡ್ರಿ. ಹಕ್ಕು ಬಿಟ್ಟುಕೊಟ್ಟದ್ದು ಲೇಖಕರ ನಿರ್ಧಾರ, ಓದುಗರು ಕಸಿದುಕೊಂಡದ್ದಲ್ಲ. ಮತ್ತೆ, 40 ರೂಪಾಯಿ ಅಂದರ ಪುಕ್ಕಟೆ ಅಲ್ಲ. ಮಾರಿದ ದುಡ್ಡಿನಿಂದಲೇ ಮತ್ತೆ ಅಚ್ಚಾಯಿತು.

ಈಗ ಕೆಲಸದ ಮಾತಿಗೆ ಬರ್ತೀನಿ.

ಗೆಳೆಯರ ಪುಸ್ತಕದ ಪಿಡಿಎಫ್ ಯಾರಿಗಾದರೂ ಸಿಕ್ಕರೆ ಗುಂಪಿನಾಗ ಹಾಕಬ್ಯಾಡ್ರಿ. ಅದರ ಬದಲು ನಿಮಗೆ ಹಿಡಿಸಿದ ಒಂದು ಪುಟದ ಫೋಟೋ, ಬೆಲೆ, ಪುಸ್ತಕ ತರಿಸೋ ವಿಧಾನ ಹಾಕ್ರಿ. ಓದಿ ನಾಕು ಸಾಲು ಬರೀರಿ. ಒಪ್ಪದಿದ್ದರೆ ಜಗಳ ಮಾಡ್ರಿ, ಅದೂ ಪುಸ್ತಕಕ್ಕೆ ಒಳ್ಳೇದೇ.

2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ಒಂದೊಂದೇ ಪ್ರತಿ ಕಳಿಸೋದು ಸಣ್ಣ ಪ್ರಕಾಶಕರಿಗೆ ಭಾರ ಆಗಿತ್ತು. ಆನ್‌ಲೈನ್ ಅಂಗಡಿಗಳು ಕಮಿಷನ್ ಮುರಕೊಳ್ತಾವ. ಅದಕ್ಕೆ ತಾಲೂಕಿಗೆ ಒಬ್ಬರಂತೆ ಐದು ಜನ ನಿಲ್ಲೋಣ. ಆರ್ಡರ್, ಹಣ ಆನ್‌ಲೈನಿನಾಗ ಬರಲಿ. ಪುಸ್ತಕ ಕಟ್ಟಿನಲ್ಲಿ ಬಸ್ಸಿನ ಮ್ಯಾಲೆ ಬಂದು ಕೈಗೆ ಸೇರಲಿ. ಅಥಣಿಗೆ, ಕಾಗವಾಡಕ್ಕೆ ಹೊಣೆ ಹೊರುವ ತಮ್ಮಂದಿರು, ತಂಗಿಯರು ಇನ್ನೂ ಬೇಕಾಗ್ಯಾರ.

ಎಷ್ಟು ಅಚ್ಚಾಯಿತು, ಎಷ್ಟು ಹೋಯಿತು, ಎಷ್ಟು ರೊಕ್ಕ ಬಂತು, ಗೆಳೆಯರು ತಿಂಗಳಿಗೊಮ್ಮೆ ಲೆಕ್ಕ ಹಾಕ್ತಾರ. ಸಮಾಜದ ಹೆಸರಿನ ವ್ಯಾಪಾರ ಅನ್ನೋರು ಆ ಲೆಕ್ಕ ಕೇಳಲಿ, ಕೇಳೋ ಹಕ್ಕು ಅವರಿಗೈತಿ. ಖರ್ಚು ಕಳೆದು ಉಳಿದದ್ದು ಮುಂದಿನ ಪುಸ್ತಕಕ್ಕೆ. ನಮ್ಮ ಕೇರಿಯ ಹೆಣ್ಣುಮಕ್ಕಳ ಚರಿತ್ರೆ ಇನ್ನೂ ಬರೀಬೇಕಾಗೇದ.

ಖರೇನ ಕೊಳ್ಳಾಕ ಆಗದವರು, ವಿದ್ಯಾರ್ಥಿಗಳು ಇದ್ದರ ನನಗೆ ಇನ್‌ಬಾಕ್ಸ್ ಮಾಡ್ರಿ. ಅನುಕೂಲ ಇದ್ದವರು ಎರಡು ಪ್ರತಿ ಕೊಂಡರ ಒಂದು ಅವರಿಗೆ ಹೋಗ್ತದ. ಸಂಬಳದವರು ಪಿಡಿಎಫ್ ಕೇಳಬ್ಯಾಡ್ರಿ. 150 ರೂಪಾಯಿ ಕೊಡ್ರಿ, ಪುಸ್ತಕ ತಗೊಳ್ರಿ.

ಜೈಭೀಮ್.