ಚಕ್ಕುಬಂದಿಯ ಹೊರಗೆ ಉಳಿದ ಮೈನಸ್ ಸೊನ್ನೆ

1960ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಎಲಿಯಟ್ ಬ್ರದರ್ಸ್ ಕಂಪನಿಯಲ್ಲಿ ಟೋನಿ ಹೋರ್ ಮತ್ತು ಅವರ ತಂಡ ಆಲ್ಗಾಲ್ 60 ಭಾಷೆಗೆ ಕಂಪೈಲರ್ ಬರೆದರು. ಅದರಲ್ಲಿ ಅರೇ ಮುಟ್ಟಿದಾಗಲೆಲ್ಲ ಒಂದು ಚೆಕ್ ಇತ್ತು. ಹತ್ತು ಖಾನೆಯ ಅರೇಯಲ್ಲಿ ಹನ್ನೊಂದನೆಯದನ್ನು ಕೇಳಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು. ವರ್ಷಗಳಾದ ಮೇಲೆ, "ವೇಗ ಬೇಕಂದ್ರೆ ಈ ಚೆಕ್ ಆಫ್ ಮಾಡೋ ಆಯ್ಕೆ ಕೊಡ್ತೀವಿ, ಬೇಕಾ?" ಅಂತ ಗ್ರಾಹಕರನ್ನು ಕೇಳಿದರು. ಬೇಡವೇ ಬೇಡ ಅಂದರು ಎಲ್ಲರೂ. 1980ರ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಹೋರ್ ಇದನ್ನು ನೆನೆಸಿಕೊಂಡಿದ್ದಾರೆ.

ಆದರೆ ಚೆಕ್‌ಗೆ ಬೆಲೆ ಇದೆ. ಲೂಪ್ ಕೋಟಿ ಸಲ ಓಡಿದರೆ ಚೆಕ್ ಕೂಡ ಕೋಟಿ ಸಲ. ಇದಕ್ಕೆ ಗಣಿತದ ಉಪಾಯ ಸಿಕ್ಕಿದ್ದು 1977ರಲ್ಲಿ. ಒಂದು ವೇರಿಯಬಲ್ ಯಾವ ಬೆಲೆಯಿಂದ ಯಾವ ಬೆಲೆವರೆಗೆ ಇರಬಹುದು ಅನ್ನೋದನ್ನು ಕಂಪೈಲರ್ ಮೊದಲೇ ಲೆಕ್ಕ ಹಾಕೋದು ಹೇಗೆ ಅಂತ ವಿಲಿಯಂ ಹ್ಯಾರಿಸನ್ ಪ್ರಬಂಧ ಬರೆದರು. ಅದೇ ವರ್ಷ ಫ್ರಾನ್ಸಿನ ಪ್ಯಾಟ್ರಿಕ್ ಮತ್ತು ರಾಧಿಯಾ ಕುಸೋ ದಂಪತಿ ಇಂಥ ಲೆಕ್ಕಗಳಿಗೆಲ್ಲ ಒಂದು ಸಿದ್ಧಾಂತದ ತಳಪಾಯ ಹಾಕಿದರು. ಹೊಲದ ಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಾರಲ್ಲ, ಹಾಗೇ ಇದು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಾರಿ. ವೇರಿಯಬಲ್ 0ರಿಂದ 9ರ ಒಳಗೇ ಇರುತ್ತೆ, ಅರೇಯಲ್ಲಿ 10 ಖಾನೆ ಇವೆ ಅಂತ ಸಾಬೀತಾದರೆ ಚೆಕ್ ತೆಗೆದುಬಿಡಬಹುದು. ವೇಗವೂ ಬಂತು, ಅಪಾಯವೂ ಇಲ್ಲ.

ಒಂದೇ ಷರತ್ತು: ಚಕ್ಕುಬಂದಿ ಸರಿಯಾಗಿರಬೇಕು.

ಈಗ ಕ್ರೋಮ್ ಬ್ರೌಸರಿಗೆ ಬರೋಣ. ಅದರೊಳಗೆ ಜಾವಾಸ್ಕ್ರಿಪ್ಟ್ ಓಡಿಸೋ ಎಂಜಿನ್ ವಿ8. 2017ರಿಂದ ಅದರ ಆಪ್ಟಿಮೈಸಿಂಗ್ ಕಂಪೈಲರ್ ಟರ್ಬೋಫ್ಯಾನ್. ಪ್ರತಿ ಲೆಕ್ಕದ ಉತ್ತರ ಯಾವ ಮಿತಿಯಲ್ಲಿರುತ್ತೆ ಅಂತ ಹೇಳೋ ಭಾಗಕ್ಕೆ ಅದರಲ್ಲಿ ಟೈಪರ್ ಅಂತ ಹೆಸರು. ಜಾವಾಸ್ಕ್ರಿಪ್ಟಿನ ಒಂದೊಂದು ಗಣಿತ ಫಂಕ್ಷನ್ನಿಗೂ ಈ ಮಿತಿಯನ್ನು ಎಂಜಿನಿಯರುಗಳು ಕೈಯಾರೆ ಬರೆದಿಟ್ಟಿರುತ್ತಾರೆ.

ಅದರಲ್ಲಿ ಒಂದು ಫಂಕ್ಷನ್ ಮ್ಯಾತ್.ಎಕ್ಸ್‌ಪಿಎಂ1. ಇ ಘಾತ ಎಕ್ಸ್‌ನಿಂದ 1 ಕಳೆದ ಬೆಲೆ ಕೊಡುತ್ತೆ, ಅಷ್ಟೆ. ಟೈಪರ್‌ನಲ್ಲಿ ಇದರ ಉತ್ತರ 'ಸಾಮಾನ್ಯ ಸಂಖ್ಯೆ ಅಥವಾ ಎನ್‌ಎಎನ್' ಅಂತ ಬರೆದಿತ್ತು. ಬಿಟ್ಟುಹೋದದ್ದು ಮೈನಸ್ ಸೊನ್ನೆ. ಶಾಲೆಯ ಗಣಿತದಲ್ಲಿ ಸೊನ್ನೆಗೆ ಮೈನಸ್ ಹಾಕಿದರೆ ಮೇಷ್ಟ್ರು ನಗ್ತಾರೆ. ಆದರೆ ಕಂಪ್ಯೂಟರಿನ ದಶಮಾಂಶ ಸಂಖ್ಯೆಗಳಲ್ಲಿ +0, -0 ಎರಡೂ ಇವೆ. ಈ ಫಂಕ್ಷನ್ನಿಗೆ -0 ಕೊಟ್ಟರೆ -0 ವಾಪಸ್ ಬರಬೇಕು ಅನ್ನೋದು ಭಾಷೆಯ ನಿಯಮ.

ಇಷ್ಟು ಚಿಕ್ಕ ತಪ್ಪಿಂದ ಏನಾಗುತ್ತೆ? 'ಈ ಉತ್ತರ -0 ತಾನೇ?' ಅಂತ ಪ್ರೋಗ್ರಾಂ ಕೇಳುತ್ತೆ. ಕಂಪೈಲರ್ ಪ್ರಕಾರ ಅದು ಸಾಧ್ಯವೇ ಇಲ್ಲ, ಉತ್ತರ ಯಾವಾಗಲೂ 'ಇಲ್ಲ', ಅಂದರೆ 0. ಅದನ್ನು 5ರಿಂದ ಗುಣಿಸಿದರೂ 0. ಆ 0 ಅರೇಯ ಒಳಗೇ ಇದೆ, ಹಾಗಾಗಿ ಚೆಕ್ ಬೇಡ. ಓಡುವಾಗ ಮಾತ್ರ ನಿಜವಾದ ಉತ್ತರ 'ಹೌದು', ಅಂದರೆ 1. ಐದರಿಂದ ಗುಣಿಸಿದರೆ 5. ಅರೇ ಅಷ್ಟು ಉದ್ದ ಇಲ್ಲದಿದ್ದರೆ ಪಕ್ಕದವರ ಮೆಮೊರಿಗೆ ಕಾಲಿಟ್ಟಂತೆ. ಇನ್ನೊಂದಷ್ಟು ಕಸರತ್ತು ಮಾಡಿದರೆ ಒಂದು ವೆಬ್ ಪುಟ ಬ್ರೌಸರಿನ ಒಳಗೆ ತನಗೆ ಬೇಕಾದ ಕೋಡನ್ನೇ ಓಡಿಸಬಹುದು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಅಲ್ಲ ಇದು. ಈ ಕಡೆ ದನ ಬರೋದೇ ಇಲ್ಲ ಅಂತ ಲೆಕ್ಕ ಹಾಕಿ ಬೇಲಿ ಕಿತ್ತ ಕತೆ.

2018ರಲ್ಲಿ ಇದನ್ನು ವರದಿ ಮಾಡಿದ್ದು ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡದ ಸ್ಟೀಫನ್ ರೊಟ್ಟ್‌ಗರ್. ರಿಪೇರಿ ಸಣ್ಣದು: ಮಿತಿಯನ್ನು ಸಡಿಲ ಮಾಡಿ 'ಯಾವುದೇ ಸಂಖ್ಯೆ' ಅಂತ ಬರೆಯೋದು. ಆದರೆ ಅದೇ ಹೇಳಿಕೆ ಕೋಡಿನ ಎರಡು ಫೈಲುಗಳಲ್ಲಿತ್ತು, ಎರಡಕ್ಕೂ ಬೇರೆ ಬೇರೆ ಪ್ಯಾಚ್ ಬೇಕಾಯಿತು. ಎರಡು ಕಡೆ ನಕಲು ಬರೆದಿಟ್ಟ ಸತ್ಯದ ಪಾಡೇ ಇಷ್ಟು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಹಳೇದೇ ಉಳಿದಿರುತ್ತೆ. ಆ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ 35ಸಿ3 ಹ್ಯಾಕಿಂಗ್ ಸ್ಪರ್ಧೆಯಲ್ಲಿ ಎರಡರಲ್ಲಿ ಒಂದೇ ಪ್ಯಾಚ್ ತೆಗೆದುಹಾಕಿ, ಒಡೆಯಿರಿ ನೋಡೋಣ ಅಂತ ಸವಾಲು ಇಟ್ಟರು. ಸ್ಪರ್ಧಿಗಳು ಒಡೆದರು.

ನನಗೆ ಮುಖ್ಯ ಅನಿಸೋದು ಇದರ ಮುಂದಿನ ಹೆಜ್ಜೆ. ಟೈಪರ್‌ನ ಇಂಥ ತಪ್ಪುಗಳು ಇದೊಂದೇ ಆಗಿರಲಿಲ್ಲ. ಮುಂದೆಯೂ ಬರುತ್ತವೆ ಅಂತ ಒಪ್ಪಿಕೊಂಡ ವಿ8 ತಂಡ 2019ರಲ್ಲಿ ನೀತಿಯನ್ನೇ ಬದಲಿಸಿತು. ಚೆಕ್ ಬೇಡ ಅಂತ ಕಂಪೈಲರ್ ಸಾಬೀತು ಮಾಡಿದರೂ ಚೆಕ್ ಉಳಿಯುತ್ತೆ. ಅದು ಸೋತರೆ, ನಮ್ಮ ಲೆಕ್ಕವೇ ತಪ್ಪಿದೆ ಅಂತ ಅರ್ಥ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತೆ. ಇದನ್ನೂ ಸುತ್ತಿಬಳಸಿ ದಾಟೋ ದಾರಿಯನ್ನು ಸಂಶೋಧಕರು ಅದೇ ವರ್ಷ ತೋರಿಸಿದರು ಅನ್ನೋದು ಬೇರೆ ಮಾತು. ಆದರೂ ಹಳೆಯ ಸುಲಭದ ದಾರಿ ಮುಚ್ಚಿತು.

ಎಲಿಯಟ್‌ನ ಗ್ರಾಹಕರಿಗೆ ಈ ಗಣಿತ ಗೊತ್ತಿರಲಿಲ್ಲ, ಚೆಕ್ ಇಲ್ಲದೆ ಓಡಿಸಿದರೆ ಏನಾಗುತ್ತೆ ಅನ್ನೋ ಭಯ ಮಾತ್ರ ಗೊತ್ತಿತ್ತು. ನಾವು ಗಣಿತ ಕಲಿತು, ಬೇಲಿ ಕಿತ್ತು, ಮತ್ತೆ ನೆಟ್ಟೆವು. ಇನ್ನು ಮೇಲೆ ಕೋಡ್ ರಿವ್ಯೂನಲ್ಲಿ ಯಾರಾದರೂ "ಈ ಕಂಡೀಷನ್ ಬರೋ ಚಾನ್ಸೇ ಇಲ್ಲ, ತೆಗೀರಿ" ಅಂದರೆ ಒಂದು ಪ್ರಶ್ನೆ ಕೇಳಿ: ಬರಲ್ಲ ಅಂತ ಬರೆದವರು ಯಾರು, ಅದನ್ನು ಅಳೆದು ನೋಡಿದವರು ಯಾರು?