ಶೋಪಾನನ ವಾಲ್ಟ್ಜ್‌ಗಳು: ಕರ್ತೃವಿನ ಪಾಠ, ಸಂಪಾದಕನ ಪಾಠ

ಫ್ರೆಡರಿಕ್ ಶೋಪಾನ್ ಏಕವ್ಯಕ್ತಿ ಪಿಯಾನೊ ವಾದನಕ್ಕೆಂದು ರಚಿಸಿದ ವಾಲ್ಟ್ಜ್‌ಗಳ ಸ್ವರಲಿಪಿ ಸಂಪುಟಗಳಲ್ಲಿ ಕೃತಿಗಳು ಸಾಮಾನ್ಯವಾಗಿ ಓಪಸ್ ಸಂಖ್ಯೆಯ ಕ್ರಮದಲ್ಲಿರುತ್ತವೆ. ಆ ಕ್ರಮವನ್ನೇ ಕಾಲಾನುಕ್ರಮವೆಂದು ನಂಬಿದ ಅಭ್ಯಾಸಿಗೆ ಎಡವಟ್ಟು ತಪ್ಪದು. ಓಪಸ್ 64ರ ಮೂರು ವಾಲ್ಟ್ಜ್‌ಗಳು ಅಚ್ಚಾದದ್ದು 1847ರಲ್ಲಿ. ಅವುಗಳ ನಂತರ ಕಾಣಿಸುವ ಓಪಸ್ 69ರ ಎರಡನೆಯ ವಾಲ್ಟ್ಜ್ 1829ರದು. ಹತ್ತೊಂಬತ್ತರ ತರುಣನ ರಚನೆ. ಆ ಸಂಖ್ಯೆಯನ್ನು ಕೊಟ್ಟವನು ಶೋಪಾನನಲ್ಲ.

ತನ್ನ ಜೀವಿತಕಾಲದಲ್ಲಿ ಆತ ಅಚ್ಚಿಗೆ ಕೊಟ್ಟ ವಾಲ್ಟ್ಜ್‌ಗಳು ಎಂಟೇ. ಅವುಗಳಲ್ಲಿ 1840ರ ಓಪಸ್ 42 ಪಳಗಿದ ಕೈಗಳನ್ನೂ ಪರೀಕ್ಷಿಸುತ್ತದೆ. ಎಡಗೈ ವಾಲ್ಟ್ಜಿನ ಮೂರರ ನಡೆಯಲ್ಲಿದ್ದರೆ, ಬಲಗೈಯ ಆರು ಸ್ವರಗಳು ಮೂರುಮೂರಾಗಿ ಒಡೆದು, ಮೇಲಿನ ರಾಗದ ಎಳೆ ಎರಡರ ನಡೆಯಲ್ಲಿ ಸಾಗುತ್ತದೆ. ಈ ಕೃತಿ ಪ್ಯಾರಿಸ್, ಲೈಪ್ಜಿಗ್, ಲಂಡನ್ನುಗಳ ಮೂವರು ಪ್ರಕಾಶಕರಿಂದ ಹೊರಬಂದಿತು. ಇಂಥ ಕೃತಿಗಳ ಮೊದಲ ಮುದ್ರಣಗಳಲ್ಲಿಯೂ ಪಾಠಾಂತರಗಳುಂಟು. ಆದರೂ ಪ್ರಕಟಣೆಗೆ ಕರ್ತೃವಿನ ಒಪ್ಪಿಗೆಯಿತ್ತೆಂಬ ನೆಲೆ ಗಟ್ಟಿಯಾಗಿದೆ.

ಓಪಸ್ 69 ಮತ್ತು 70ರ ಐದು ವಾಲ್ಟ್ಜ್‌ಗಳಿಗೆ ಆ ನೆಲೆಯೇ ಇಲ್ಲ. ಪ್ರಕಟವಾಗದ ತನ್ನ ಹಸ್ತಪ್ರತಿಗಳನ್ನು ಸುಟ್ಟುಬಿಡಬೇಕೆಂಬುದು ಶೋಪಾನನ ಕೊನೆಯ ಇಚ್ಛೆಯಾಗಿತ್ತು. 1849ರಲ್ಲಿ ಆತ ತೀರಿಕೊಂಡನು. ಕುಟುಂಬದವರ ಸಮ್ಮತಿ ಪಡೆದು ಗೆಳೆಯ ಯೂಲಿಯಾನ್ ಫೋಂಟಾನಾ 1855ರಲ್ಲಿ ಆ ರಚನೆಗಳನ್ನು ಓಪಸ್ 66ರಿಂದ 73ರವರೆಗಿನ ಸಂಖ್ಯೆಗಳನ್ನಿತ್ತು ಪ್ರಕಟಿಸಿದನು. ಇವನ್ನು ಶೋಪಾನನೇ ನುಡಿಸಿದ್ದನ್ನು ಹಲವು ಬಾರಿ ಕೇಳಿ ನೆನಪಿನಲ್ಲಿಟ್ಟುಕೊಂಡಿರುವುದಾಗಿ ಮುನ್ನುಡಿಯಲ್ಲಿ ಹೇಳಿಕೊಂಡನು. ಈ ಸಾಕ್ಷ್ಯವನ್ನು ತಳ್ಳಿಹಾಕಲಾಗದು. ಆತ ಪ್ಯಾರಿಸ್ಸಿನಲ್ಲಿ ಶೋಪಾನನ ಲಿಪಿಕಾರನಾಗಿದ್ದವನು. ಆದರೆ 1840ರ ದಶಕದಲ್ಲಿ ಅವನು ವರ್ಷಗಟ್ಟಲೆ ಕ್ಯೂಬಾ, ನ್ಯೂಯಾರ್ಕುಗಳಲ್ಲಿದ್ದನೆಂಬುದನ್ನೂ ಮರೆಯುವಂತಿಲ್ಲ. ಶೋಪಾನನ ಕೊನೆಯ ವರ್ಷಗಳ ವಾದನಕ್ಕೆ ಅವನು ಶ್ರೋತೃವಲ್ಲ.

ಹಾಗಾದರೆ ಸ್ವಹಸ್ತಪ್ರತಿಯನ್ನೇ ನೆಚ್ಚಬಹುದಲ್ಲವೇ? ತೊಡಕಿರುವುದು ಇಲ್ಲಿಯೇ. ಓಪಸ್ 70ರ ಎರಡನೆಯದಾದ ಎಫ್ ಮೈನರ್ ವಾಲ್ಟ್ಜನ್ನು ಶೋಪಾನ್ ಹಲವರಿಗೆ ಕೈಯಾರೆ ಬರೆದು ಕಾಣಿಕೆಯಾಗಿತ್ತಿದ್ದಾನೆ. 1842ರಲ್ಲಿ ಪಿಯಾನೊ ವಾದಕಿ ಊರಿ ಅವರಿಗೆ ಒಂದು ಪ್ರತಿಯನ್ನು ಕಳುಹಿಸುವಾಗ, ಅದು ಬಹಿರಂಗವಾಗಬಾರದೆಂದು ಕೇಳಿಕೊಂಡಿದ್ದನು. ಆ ಪ್ರತಿಗಳು ಪರಸ್ಪರ ಸಂಪೂರ್ಣ ಹೊಂದುವುದಿಲ್ಲ. ನಮ್ಮ ಗ್ರಂಥಸಂಪಾದಕರು ಪ್ರತಿಗಳ ಭಿನ್ನತೆಗೆ ಲಿಪಿಕಾರನ ಕೈತಪ್ಪನ್ನು ಕಾರಣವಾಗಿ ತೋರಿಸಿ, ಅವುಗಳ ಹಿಂದಿನ ಮೂಲವನ್ನು ಅರಸುತ್ತಾರೆ. ಇಲ್ಲಿ ಲಿಪಿಕಾರನೇ ಕರ್ತೃ, ಪ್ರತಿಯೊಂದೂ ಮೂಲವೇ. ಇವನ್ನು ಬೆರೆಸಿ ಒಂದು ಶುದ್ಧಪಾಠವನ್ನು ಕಟ್ಟಿದರೆ, ಶೋಪಾನ್ ಎಂದೂ ಬರೆಯದ ಕೃತಿಯೊಂದು ಹುಟ್ಟಿಕೊಳ್ಳುತ್ತದೆ.

ಫೋಂಟಾನಾ ಇಚ್ಛೆಯನ್ನು ಮೀರಿದನೆಂದು ನಾನು ದೂರಲಾರೆ. ಆ ಐದು ವಾಲ್ಟ್ಜ್‌ಗಳು ಒಟ್ಟಾಗಿ ಲೋಕದಲ್ಲಿ ಹರಡಿದ್ದು ಅವನಿಂದ. ಆದರೆ ಅವನ ಪಾಠ ಬಹುಕಾಲ ಶೋಪಾನನ ಪಾಠವೆಂದೇ ನಡೆಯಿತು. ಈಚಿನ ವಿಮರ್ಶಾತ್ಮಕ ಆವೃತ್ತಿಗಳು, ಮುಖ್ಯವಾಗಿ ಜರ್ಮನಿಯ ಹೆನ್ಲೆ ಮತ್ತು ಯಾನ್ ಎಕಿಯೆರ್ ಸಂಪಾದಿಸಿದ ಪೋಲೆಂಡಿನ ರಾಷ್ಟ್ರೀಯ ಆವೃತ್ತಿ, ಸ್ವಹಸ್ತಪ್ರತಿಯ ಪಾಠವನ್ನೂ ಫೋಂಟಾನಾನ ಪಾಠವನ್ನೂ ಬೇರೆಬೇರೆಯಾಗಿ ಮುದ್ರಿಸುತ್ತವೆ. ಯಾವುದನ್ನು ನುಡಿಸಬೇಕೆಂಬ ಆಯ್ಕೆ ಈಗ ವಾದಕರದು.